ತಂಪಿನ ಅಂಚು

ನಾನು ಕಡಲಿನ ಮೈ ಮುಟ್ಟಿ ಜ್ವರ ಹೇಳುವ ಒಂದು ಉಪಕರಣ. ಹಿತ್ತಾಳೆಯ ಕೊಳವೆಯಂಥ ಮೈ, ಬಾಲದ ಹತ್ತಿರ ಮೀನಿನಂತೆ ರೆಕ್ಕೆ. ಕಾಗದಪತ್ರಗಳಲ್ಲಿ ನನ್ನ ಹೆಸರು ಬ್ಯಾಥಿಥರ್ಮೋಗ್ರಾಫ್. ಹಡಗಿನವರು ಅಷ್ಟು ಉದ್ದ ಹೇಳಲಾರದೆ ‘ಬೀಟಿ’ ಎಂದರು. ನಾನು ಹುಟ್ಟಿದ ಕಾರ್ಖಾನೆಯಲ್ಲಿ ದಪ್ಪ ಕನ್ನಡಕದ ಮುದುಕನೊಬ್ಬ ನನ್ನ ಹೊಟ್ಟೆಯೊಳಗೆ ಕೂದಲೆಳೆಯಂಥ ಮುಳ್ಳು ಕೂರಿಸಿ, ಒಮ್ಮೆ ಐಸಿನ ನೀರಿಗೆ, ಒಮ್ಮೆ ಬಿಸಿನೀರಿಗೆ ಅದ್ದಿ ನೋಡಿದ. ಮುಳ್ಳು ಸರಿಯಾಗಿ ಸರಿದಾಗ ಮಗುವಿನ ಬೆನ್ನು ತಟ್ಟುವಂತೆ ತಟ್ಟಿದ.

ತಂತಿಗೆ ಕಟ್ಟಿ ಕಡಲಿಗೆ ಬಿಟ್ಟರೆ ನಾನು ಇಳಿಯುತ್ತಾ ಇಳಿಯುತ್ತಾ, ಯಾವ ಆಳದಲ್ಲಿ ಎಷ್ಟು ಬಿಸಿ, ಎಷ್ಟು ತಂಪು ಎಂದು ಸಣ್ಣ ಗಾಜಿನ ಪಟ್ಟಿಯ ಮೇಲೆ ಗೀರುತ್ತಿದ್ದೆ. ಇಷ್ಟೇ ನನ್ನ ವಿದ್ಯೆ.

ಯುದ್ಧದ ಹಡಗೊಂದರಲ್ಲಿ ನನ್ನನ್ನು ಬೊಮ್ಮಯ್ಯ ಹರಿಕಂತ್ರನ ಕೈಗೆ ಕೊಟ್ಟರು. ಅಂಕೋಲೆಯ ಕಡೆಯ ಮೀನುಗಾರರ ಮಗ, ಇಪ್ಪತ್ತಮೂರರ ನಾವಿಕ. ಕೊಡಗಿನ ಲೆಫ್ಟಿನೆಂಟ್ ಚೆಂಗಪ್ಪ ಒಂದು ದಿನ ಅವನನ್ನು ಕೂರಿಸಿಕೊಂಡು ಕನ್ನಡದಲ್ಲೇ ಪಾಠ ಹೇಳಿದರು: ಕಡಲಿನ ಮೇಲಿನ ನೀರು ಬಿಸಿಯಾಗಿರುತ್ತದೆ, ಒಂದು ಆಳದಲ್ಲಿ ಒಮ್ಮೆಲೇ ತಂಪಾಗುತ್ತದೆ.

“ಇದು ನಮ್ಮಪ್ಪಂಗೂ ಗೊತ್ತಿತ್ತು, ಸರ್,” ಎಂದು ಬೊಮ್ಮಯ್ಯ ನಕ್ಕ. “ಆಳದ ಬಲೆ ಎಳಿಯೂವಾಗ ಹಗ್ಗ ಒಂದು ಆಳದಿಂದ ಸಮಾ ತಣ್ಣಗೆ ಬತ್ತದೆ.”

“ಆ ತಂಪಿನ ಅಂಚಿನಲ್ಲಿ, ನೀರೊಳಗೆ ಶತ್ರುವನ್ನು ಹುಡುಕಲು ನಮ್ಮ ಸೋನಾರು ಬಿಡುವ ಸದ್ದು ಬಾಗಿಬಿಡುತ್ತದೆ. ಅದರ ಕೆಳಗೆ ಜಲಾಂತರ್ಗಾಮಿ ಕೂತರೆ ನಮಗೆ ಕೇಳುವುದೇ ಇಲ್ಲ.”

ಬೊಮ್ಮಯ್ಯನ ನಗು ಅಲ್ಲಿಗೆ ನಿಂತಿತು.

ಯುದ್ಧ ಶುರುವಾದಾಗ ನಮಗೆ ಎಣ್ಣೆ ತುಂಬಿದ ಹಡಗೊಂದನ್ನು ಬಂದರಿಗೆ ಕಾಯ್ದುಕೊಂಡು ಹೋಗುವ ಕೆಲಸ ಬಂತು. ಬೆಳಗಿನಿಂದ ಸೋನಾರು ಮೌನವಾಗಿತ್ತು. ಕಪ್ತಾನರಿಗೆ ನೆಮ್ಮದಿ. ಆದರೆ ಚೆಂಗಪ್ಪನವರಿಗೆ ಆ ಮೌನವೇ ಹಿಡಿಸಲಿಲ್ಲ, ನನ್ನನ್ನು ಇಳಿಸಬೇಕೆಂದರು. ಇಳಿಸಬೇಕಾದರೆ ಹಡಗಿನ ವೇಗ ತಗ್ಗಿಸಬೇಕು, ವೇಗ ತಗ್ಗಿಸಿದ ಹಡಗು ಶತ್ರುವಿಗೆ ಸುಲಭದ ಗುರಿ. ಕಪ್ತಾನರು ಸ್ವಲ್ಪ ಹೊತ್ತು ಗಡಿಯಾರ ನೋಡಿ, “ಹತ್ತು ನಿಮಿಷ,” ಎಂದರು.

ಬೊಮ್ಮಯ್ಯ ನನ್ನನ್ನು ಕಟಕಟೆಯಾಚೆ ತೂಗಿಬಿಟ್ಟ. “ಹೋಗ್ ಬಾ ಮಾರಾಯ. ಸಮಾ ನೋಡ್ಕಂಡೇ ಬಾ,” ಎಂದು ಪಿಸುಗುಟ್ಟಿದ. ಮೇಲಿನ ನೀರು ಬೆಚ್ಚಗೆ, ಹಸಿರು ಬೆಳಕು. ಬಹಳ ಹೊತ್ತು ಮುಳ್ಳು ಅಲುಗಲಿಲ್ಲ. ನಲವತ್ತು ಮೀಟರಿನ ಹತ್ತಿರ ಯಾರೋ ಬಾವಿಗೆ ತಳ್ಳಿದಂತೆ ಮೈಯೆಲ್ಲ ತಣ್ಣಗಾಯಿತು. ಮುಳ್ಳು ಸರಕ್ಕನೆ ವಾಲಿತು.

ಮೇಲೆ ಬಂದಾಗ ಬೊಮ್ಮಯ್ಯ ಗಾಜನ್ನು ಬೆಳಕಿಗೆ ಹಿಡಿದ. ನೆಟ್ಟಗೆ ಇಳಿದ ಗೀರು ಒಂದು ಕಡೆ ಮುರಿದ ಕೊಂಬೆಯಂತೆ ಬಾಗಿತ್ತು.

“ಸರ್, ಕಿವಿಗೆ ಬೀಳ್ಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ. ಕೆಳಗೆ ಬಾಗ್ಲು ಹಾಕ್ಕಂಡು ಕೂತಿರೂಕೂ ಸಾಕು.”

ಕಪ್ತಾನರು ದಡದ ಕಡೆಗೆ ದಾರಿ ಬದಲಿಸಿದರು. ದಡದ ಹತ್ತಿರ ಕಡಲು ಆಳವಿಲ್ಲ. ಅಡಗಿಕೊಳ್ಳಲು ಅಲ್ಲಿ ತಂಪಿನ ಮರೆಯೇ ಇಲ್ಲ. ಅರ್ಧ ದಿನ ತಡವಾಗಿ ಎಣ್ಣೆ ಹಡಗು ಬಂದರು ಸೇರಿತು. ಮರುದಿನ ನಿಸ್ತಂತುವಿನಲ್ಲಿ ಸುದ್ದಿ ಬಂತು. ನಾವು ಬಿಟ್ಟುಬಂದ ದಾರಿಯಲ್ಲಿ, ನಮ್ಮ ಪಹರೆಯ ವಿಮಾನವೊಂದು ಜಲಾಂತರ್ಗಾಮಿಯ ಪೆರಿಸ್ಕೋಪು ನೀರಿನಿಂದ ತಲೆಯೆತ್ತಿದ್ದನ್ನು ಕಂಡಿತ್ತು. ಯಾರೂ ಜೈಕಾರ ಹಾಕಲಿಲ್ಲ. ಬೊಮ್ಮಯ್ಯ ನನ್ನನ್ನು ಸಿಹಿನೀರಿನಲ್ಲಿ ತೊಳೆದು ಒರೆಸತೊಡಗಿದ. ಒಣಗಿದ ಮೇಲೂ ಒರೆಸುತ್ತಲೇ ಇದ್ದ.

ಆಮೇಲಿನ ವರ್ಷಗಳು ಸುಖದವು. ಉಪ್ಪುಗಾಳಿ, ಡೆಕ್ಕಿನ ಮೇಲೆ ಕುದಿಯುವ ಚಹಾ, ಇಳಿಸುವ ಮೊದಲು ಬೊಮ್ಮಯ್ಯ ಹಾಡುತ್ತಿದ್ದ ಅವನೂರಿನ ಬಲೆ ಎಳೆಯುವ ಪದ. ಈಗಲೂ ಅವು ನೆನಪಾದರೆ ಮೈ ಜುಮ್ಮೆನ್ನುತ್ತದೆ. ಕೊನೆಗೆ ಒಮ್ಮೆ ಎಸೆದು ಮರೆತುಬಿಡುವ ಹೊಸ ಉಪಕರಣಗಳು ಬಂದವು. ತಿರುಗಿ ಎಳೆಯಬೇಕಿಲ್ಲ, ತೊಳೆಯಬೇಕಿಲ್ಲ. ನನ್ನನ್ನು ತರಬೇತಿ ಶಾಲೆಯ ಕಪಾಟಿಗೆ, ಅಲ್ಲಿಂದ ಗುಜರಿ ಸಾಮಾನಿನ ಕೋಣೆಗೆ ಹಾಕಿದರು. ಅಲ್ಲಿ ತುಕ್ಕು ಹಿಡಿದ ಸರಪಳಿಗಳ ನಡುವೆ ಆರು ವರ್ಷ ಬಿದ್ದಿದ್ದೆ. ಅದೇ ಶಾಲೆಯಲ್ಲಿ ಕಲಿಸುತ್ತಿದ್ದ ಬೊಮ್ಮಯ್ಯ ನಿವೃತ್ತನಾದ ದಿನ ಅಪ್ಪಣೆ ಪಡೆದು ಬಂದ. ನನ್ನನ್ನು ಹಾಸಿಗೆಯ ಸುರುಳಿಯಲ್ಲಿ ಸುತ್ತಿ ಊರಿಗೆ ಒಯ್ದ.

ಈಗ ಅವನಿಗೆ ಎಪ್ಪತ್ತೆಂಟು. ನನ್ನ ಮುಳ್ಳು ಅಂಟಿಕೊಂಡಿದೆ, ಅವನ ಮೊಣಕಾಲೂ ಹಾಗೆಯೇ. ಮೊನ್ನೆ ರಜೆಗೆ ಬಂದ ಮೊಮ್ಮಗಳು ಸಂಪದಾ ಲ್ಯಾಪ್‌ಟಾಪಿನಲ್ಲಿ ಜಲಾಂತರ್ಗಾಮಿಯ ಆಟ ಆಡುತ್ತಿದ್ದಳು. ಬೊಮ್ಮಯ್ಯ ಪಕ್ಕದಲ್ಲಿ ಕೂತ.

“ಅಜ್ಜಾ, ಈ ಗೆರೆ ಕಂಡ್ಯಾ? ಇದರ ಕೆಳಗೆ ಹೋದ್ರೆ ಮೇಲಿನ ಹಡಗಿಗೆ ನಾನು ಕೇಳೂದೇ ಇಲ್ಲ.”

ಅವನು ಪರದೆಯತ್ತ ಬಾಗಿದ. ಐವತ್ತು ವರ್ಷ ಆ ಗೆರೆಯನ್ನು ಅವನು ಮೇಲಿನಿಂದಲೇ ನೋಡಿದ್ದ. ಕೆಳಗಿನಿಂದ ನೋಡಿದ್ದು ಇದೇ ಮೊದಲು. ಪರದೆಯ ಮೇಲೆ ಎಣ್ಣೆ ಹಡಗು ನಿಧಾನ ಹತ್ತಿರ ಬಂತು. ಸಂಪದಾಳ ಬೆರಳು ಟಾರ್ಪೆಡೊ ಬಿಡುವ ಗುಂಡಿಯ ಮೇಲಿತ್ತು.

“ಬೇಡ ಮಗಾ. ಅದ್ರಾಗೆ ಅಡುಗೆ ಮಾಡೂವವ ಒಬ್ಬ ಇರ್ತ. ಅಕ್ಕಿ ತೊಳೀತಾ ಇರ್ತ.”

“ಆಟ ಅಜ್ಜಾ ಇದು!” ಎಂದು ಅವಳು ನಕ್ಕು ತಿರುಗಿದಳು. ಅವನ ಮುಖ ನೋಡಿದಳು. ಬೆರಳು ತೆಗೆದಳು. ಹಡಗು ತನ್ನ ಪಾಡಿಗೆ ದಾಟಿಹೋಯಿತು. ‘ನೀವು ಸೋತಿದ್ದೀರಿ’ ಎಂದಿತು ಪರದೆ.

ಬೊಮ್ಮಯ್ಯ ಮೂಲೆಯಲ್ಲಿದ್ದ ನನ್ನ ಕಡೆ ನೋಡಿ ಕೇಳಿದ: “ಅಂದು ಕೆಳಗೆ ಕೂತವ್ರೂ ಹೆದ್ರಿದ್ರೋ ಏನೋ, ಅಲ್ವನಾ?”

ಎಷ್ಟೋ ಸಲ ಅಷ್ಟು ಆಳಕ್ಕೆ ಇಳಿದು ಬಂದವನು ನಾನು. ತಂಪನ್ನು ಮಾತ್ರ ಅಳೆದಿದ್ದೆ. ಅಲ್ಲಿ ಮನುಷ್ಯರಿದ್ದಾರೆ ಎಂದು ನನಗೂ ಹೊಳೆದಿರಲಿಲ್ಲ.