ಡ್ರೈವರಮ್ಮ ಕಲಿತ ಸರ್ವ್

ನಲವತ್ತಾರನೆಯ ವಯಸ್ಸಿನಲ್ಲಿ ಡ್ರೈವರಮ್ಮ ಟೇಬಲ್ ಟೆನಿಸ್ ಬ್ಯಾಟು ಹಿಡಿದಾಗ ಬಸ್ ಡಿಪೋದಲ್ಲಿ ನಗದವರಿಲ್ಲ. ಡಿಪೋಗಳ ನಡುವಿನ ಹೆಂಗಸರ ಪಂದ್ಯಕ್ಕೆ ಹೆಸರು ಕೊಡುವವರು ಬೇರೆ ಯಾರೂ ಸಿಗದೆ ಅವಳೇ ಕೊಟ್ಟಿದ್ದಳು. ಕಲಿಸಲು ನಿಂತವರು ಗಂಡನ ಅಣ್ಣ. ಅದೇ ಡಿಪೋದ ನಿವೃತ್ತ ಮೆಕ್ಯಾನಿಕ್, ಒಂದು ಕಾಲಕ್ಕೆ ಈ ಆಟದಲ್ಲಿ ಹೆಸರು ಮಾಡಿದವರು.

ಬೆಳಗಿನ ಪಾಳಿಗೆ ಮುಂಚೆ ವಿಶ್ರಾಂತಿ ಕೋಣೆಯಲ್ಲಿ ಅಭ್ಯಾಸ. ಮುಖ್ಯವಾಗಿ ಕಲಿಯಬೇಕಾದದ್ದು ಒಂದು ಸರ್ವ್: ಚೆಂಡಿನ ಅಡಿಯನ್ನು ಸವರಿ ಉಲ್ಟಾ ಸುತ್ತು ಕೊಟ್ಟರೆ, ಆಚೆ ಬಿದ್ದ ಚೆಂಡು ಮುಂದೆ ಹೋಗದೆ ನೆಟ್ಟಿನತ್ತ ಹಿಂದೆ ಸರಿಯುತ್ತದೆ. ಭಾವ ಪ್ರತಿ ಸರ್ವ್‌ಗೂ ಏನಾದರೊಂದು ಹೇಳುತ್ತಿದ್ದರು. ಮಣಿಕಟ್ಟು ಸಡಿಲ ಬಿಡು, ಮೊಣಕೈ ಇಳಿಸು, ಚೆಂಡು ಇನ್ನೂ ಮೇಲೆ ಹಾರಿಸು. ಎರಡು ವಾರದಲ್ಲಿ ಅವಳ ಕೈ ಕೊರಡಾಯಿತು. ಚೆಂಡು ನೋಡುವುದು ಬಿಟ್ಟು ಭಾವನ ಮುಖ ನೋಡುವ ಚಟ ಹತ್ತಿತು.

ಒಂದು ಬೆಳಿಗ್ಗೆ ಬ್ಯಾಟು ಕೆಳಗಿಟ್ಟಳು. "ಭಾವ, ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ನಾನು ಕೇಳಿದಾಗ ಮಾತ್ರ ಹೇಳಿ."

ಭಾವನ ಮುಖ ಸಪ್ಪಗಾಯಿತು. ಪೇಪರ್ ಬಿಡಿಸಿ ಕೂತರು, ಆದರೂ ಅದರ ಅಂಚಿನ ಮೇಲಿಂದ ಕಣ್ಣು ಆಗಾಗ ಟೇಬಲ್ಲಿನತ್ತ ಹೋಗುತ್ತಿತ್ತು. ಅವಳ ಚೆಂಡುಗಳು ನೆಟ್ಟಿಗೆ ಬಿದ್ದವು, ಗೋಡೆಗೆ ಬಡಿದವು, ಅವಳು ಏನೂ ಕೇಳದೆ ಮತ್ತೊಂದು ಚೆಂಡು ಎತ್ತಿಕೊಂಡಳು. ಐವತ್ತೋ ಅರವತ್ತೋ ಆದ ಮೇಲೆ ಒಂದು ಚೆಂಡು ಆಚೆ ಬಿದ್ದು, ತಡವರಿಸಿ, ಹಿಂದಕ್ಕೆ ಉರುಳಿತು. ಆಗ ಕೇಳಿದಳು, ಈಗ ನನ್ನ ಕೈ ಏನು ಮಾಡಿತೆಂದು.

"ಎಲ್ರೂ ತಪ್ಪಾದಾಗ ಕೇಳ್ತಾರೆ. ನೀನೇನು ಸರಿಯಾದಾಗ ಕೇಳ್ತೀಯ?" ಎಂದರು ಭಾವ.

"ತಪ್ಪು ನನಗೇ ಕಾಣತ್ತೆ ಭಾವ. ಸರಿಯಾಗಿದ್ದು ಹೇಗಾಯ್ತು ಅನ್ನೋದೇ ಗೊತ್ತಾಗಲ್ಲ."

ಭಾವ ಪೇಪರ್ ಮಡಚಿಟ್ಟರು. ಬ್ಯಾಟು ಹೇಗೆ ಮಲಗಿತ್ತು, ಬೆರಳು ಎಲ್ಲಿತ್ತು, ಎಲ್ಲ ಬಿಡಿಸಿ ಹೇಳಿದರು. ಯಾವಾಗ ಕೇಳುತ್ತಾಳೋ ಏನೋ ಎಂದು ಅಂದಿನಿಂದ ಕಣ್ಣು ಮಿಟುಕಿಸದೆ ನೋಡತೊಡಗಿದರು. ಮೊದಮೊದಲು ದಿನಕ್ಕೆ ಏಳೆಂಟು ಬಾರಿ ಕೇಳುತ್ತಿದ್ದವಳು ತಿಂಗಳಾಗುವಷ್ಟರಲ್ಲಿ ಒಂದೆರಡಕ್ಕೆ ಇಳಿದಳು.

ಫೈನಲ್‌ನಲ್ಲಿ ಎದುರಾಳಿ ಬೇರೊಂದು ಡಿಪೋದ ಕಂಡಕ್ಟರ್, ಇಪ್ಪತ್ತು ವರ್ಷ ಚಿಕ್ಕವಳು, ಮಿಂಚಿನಂತಹ ಕೈ. ಕೊನೆಯ ಗೇಮಿನಲ್ಲಿ ಹತ್ತು-ಒಂಬತ್ತು, ಇನ್ನೊಂದು ಅಂಕ ಬಂದರೆ ಡ್ರೈವರಮ್ಮನಿಗೆ ಗೆಲುವು. ಸರ್ವ್ ಕೂಡ ಅವಳದೇ. ಭಾವನ ನಾಲಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಅವಳು ಅವರತ್ತ ತಿರುಗಲೂ ಇಲ್ಲ. ಚೆಂಡು ಹಾರಿಸಿದಳು, ಅಡಿಯನ್ನು ಸವರಿದಳು. ಕಂಡಕ್ಟರ್ ಮುಂದಕ್ಕೆ ಬಗ್ಗಿ ಹೊಡೆದ ಚೆಂಡು ಸೀದಾ ನೆಟ್ಟಿಗೆ ಬಿತ್ತು.

ಡಿಪೋದ ಅಂಗಳದಲ್ಲಿ ನಿಂತಿದ್ದ ಬಸ್ಸುಗಳ ಹಾರನ್‌ಗಳೆಲ್ಲ ಒಟ್ಟಿಗೆ ಮೊಳಗಿದವು. ಗಂಡ ಬೆಂಚು ಹತ್ತಿ ಸೀಟಿ ಹೊಡೆದ. ಅವಳು ಕಪ್ ತಂದು ಭಾವನ ಕೈಗಿಟ್ಟಳು. ಅವರು ಅದನ್ನು ಅಂಗಿಯ ಅಂಚಿನಿಂದ ಒರೆಸಿದರು.

"ಗೆದ್ಬಿಟ್ಯಲ್ಲ ತಾಯಿ," ಎಂದರು.