ಅಂಚಿನಲ್ಲಿದ್ದ ಉತ್ತರ

ನಾನು ಹತ್ತನೇ ತರಗತಿಯ ಒಂದು ಕನ್ನಡ ಪಠ್ಯಪುಸ್ತಕ. ಮುದ್ರಣಾಲಯದಲ್ಲಿ ಸಾವಿರಾರು ಒಡಹುಟ್ಟಿದವರ ನಡುವೆ ಹುಟ್ಟಿದೆ. ಅಂಟು ಒಣಗುವ ಮೊದಲೇ ಲಾರಿ ಹತ್ತಿಸಿದ್ದರಿಂದ ನನ್ನ ಬೆನ್ನು ಸ್ವಲ್ಪ ಸೊಟ್ಟ.

ನನ್ನ ಮೊದಲ ಒಡತಿ ವಿನುತಾ. ನನ್ನ ಆರನೇ ಪಾಠ ಒಂದು ಸಣ್ಣಕತೆ. ಅದರಲ್ಲಿ ದೇಯಕ್ಕ ಎಂಬ ಹೆಂಗಸು ನೆರೆಯವರಿಗೆ ತನ್ನ ಬಾವಿಯ ನೀರು ಕೊಡುವುದಿಲ್ಲ. ಕೊನೆಗೆ ತಾನೇ ಕರೆದು ಕೊಡುತ್ತಾಳೆ. ‘ದೇಯಕ್ಕನ ಪಾತ್ರ ಹೇಗೆ ಬದಲಾಗುತ್ತದೆ?’ ಎಂಬ ಪ್ರಶ್ನೆಯ ಪಕ್ಕ, ಅಂಚಿನಲ್ಲಿ, ವಿನುತಾ ಬರೆದಳು: ‘ಮೊದಲು ಕೆಟ್ಟವಳು, ಕೊನೆಗೆ ಒಳ್ಳೆಯವಳು.’ ಅದೇ ಸರಿ ಎಂದು ನಾನೂ ನಂಬಿದೆ.

ವಿನುತಾ ಪಾಸಾದ ಮೇಲೆ ಪಕ್ಕದ ಮನೆಯ ನಫೀಸಳ ಕೈಗೆ ಬಂದೆ. ಅವಳು ಎಂಟನೆಯಲ್ಲೇ ಶಾಲೆ ಬಿಟ್ಟು ಬೀಡಿ ಕಟ್ಟುತ್ತಿದ್ದಳು. ಹತ್ತನೆಯದು ಪಾಸಾದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಖಾಸಗಿಯಾಗಿ ಪರೀಕ್ಷೆಗೆ ಕೂತಳು. ಅಂಚಿನ ಸಾಲನ್ನು ಬಾಯಿಪಾಠ ಮಾಡಿ, ಅದೇ ಪ್ರಶ್ನೆ ಬಂದಾಗ ಹಾಗೇ ಬರೆದಳು. ಉಳಿದದ್ದೆಲ್ಲ ಪಾಸು, ಕನ್ನಡ ಮಾತ್ರ ಎರಡು ಅಂಕಕ್ಕೆ ಫೇಲು.

“ಇನ್ನೊಂದೇ ಸಲ. ಆಮೇಲೆ ಪುಸ್ತಕ ಮುಟ್ಟಬೇಡ,” ಎಂದ ಅವಳ ಅಣ್ಣ.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬೀಡಿ ಕಟ್ಟುವವರಲ್ಲಿ ಒಂದು ಕ್ರಮವಿತ್ತು. ಒಬ್ಬಳು ಗಟ್ಟಿಯಾಗಿ ಓದುತ್ತಾಳೆ. ಉಳಿದವರು ಅವಳ ಪಾಲಿನ ಬೀಡಿಯನ್ನೂ ಕಟ್ಟಿ ಅವಳ ಮೊರಕ್ಕೆ ಹಾಕುತ್ತಾರೆ. ಒಂದು ಮಧ್ಯಾಹ್ನ ನಫೀಸ ದೇಯಕ್ಕನ ಕತೆ ಓದಿದಳು. ಅಂಚಿನ ಸಾಲನ್ನೂ ಓದಿಬಿಟ್ಟಳು.

ಎಲ್ಲರಿಗಿಂತ ಹಿರಿಯಳಾದ ಗಿರಿಜಕ್ಕ ಕತ್ತರಿ ಕೆಳಗಿಟ್ಟಳು. “ಎಂತ ಮಾರಾಯ್ತಿ ಇದು? ಮನುಷ್ಯರು ಬಲ್ಬಾ, ಸ್ವಿಚ್ ಒತ್ತಿದ ಕೂಡಲೇ ಹೊತ್ತಿಕೊಳ್ಳಲಿಕ್ಕೆ?”

“ನಿಮ್ಮ ಅತ್ತೆ ಬದಲಾಗಲಿಕ್ಕೆ ಎಷ್ಟು ವರ್ಷ ಬೇಕಾಯ್ತು ಗಿರಿಜಕ್ಕಾ?” ಪಕ್ಕದಲ್ಲಿದ್ದ ಮೈಮುನಾ ಕೆಣಕಿದಳು.

“ಅವರು ಸತ್ತ ಮೇಲೂ ಬದಲಾಗ್ಲಿಲ್ಲ. ನಫೀಸಾ, ನಡುವೆ ಆ ಗೇಟಿನದ್ದು ಎಂತದೋ ಇತ್ತಲ್ಲ, ಪುನಃ ಓದು.”

ನಫೀಸ ಓದಿದಳು. ಮೊದಲ ದಿನ ದೇಯಕ್ಕ ಗೇಟಿಗೆ ಬೀಗ ಹಾಕುತ್ತಾಳೆ. ನೆರೆಮನೆಯ ಮಗುವಿಗೆ ಜ್ವರ ಬಂದ ದಿನ ಬೀಗ ಕೈಯಲ್ಲಿದ್ದರೂ ಬರೀ ಚಿಲಕ ಹಾಕುತ್ತಾಳೆ. ಮರುದಿನ ಚಿಲಕವೂ ಇಲ್ಲ. ಬೈಗುಳ ಮಾತ್ರ ಮೊದಲಿನಷ್ಟೇ ಜೋರು.

“ಅವಳ ಕೈ ಮೊದಲು ಬದಲಾಗಿದೆ. ಬಾಯಿ ಆಮೇಲೆ,” ಎಂದಳು ನಫೀಸ, ಯಾರ ಮುಖವನ್ನೂ ನೋಡದೆ.

“ಹಾಂ! ಅದನ್ನು ಬರಿ,” ಎಂದಳು ಗಿರಿಜಕ್ಕ.

ನನ್ನ ಹೊಟ್ಟೆಯೊಳಗೇ ಇದ್ದ ಆ ಮೂರು ಸಾಲು ನನಗೇ ಕಂಡಿರಲಿಲ್ಲ.

ಪರೀಕ್ಷೆಯ ದಿನ ನನ್ನನ್ನು ಹೊರಗಿನ ಜಗಲಿಯಲ್ಲಿ ಚೀಲದೊಳಗೆ ಬಿಟ್ಟರು. ಮೂರು ಗಂಟೆ ಏನೂ ತಿಳಿಯಲಿಲ್ಲ. ಹೊರಬಂದ ನಫೀಸ ಆರನೇ ಪಾಠ ತೆರೆದು, ಬೀಗ, ಚಿಲಕ, ತೆರೆದ ಗೇಟು ಎಂದು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟಳು. ಈ ಸಲವೂ ಅದೇ ಪ್ರಶ್ನೆ ಬಂದಿತ್ತೆಂದು ನನಗೆ ಆಗ ತಿಳಿಯಿತು.

ಫಲಿತಾಂಶವನ್ನು ಮೊಬೈಲಿನಲ್ಲಿ ಮೊದಲು ನೋಡಿದವಳು ಮೈಮುನಾ. “ಕನ್ನಡ ಪಾಸು ಮಾರಾಯ್ತಿ, ಐವತ್ತೆಂಟು!” ನಫೀಸ ನನ್ನನ್ನು ಮುಖಕ್ಕೆ ಒತ್ತಿಕೊಂಡಳು. ಹಾಳೆ ಒದ್ದೆಯಾದದ್ದಕ್ಕೆ ನನಗೆ ಬೇಸರವಾಗಲಿಲ್ಲ.

ಈಗ ಪಠ್ಯ ಬದಲಾಗಿದೆ. ನಾನು ಅಂಗನವಾಡಿಯ ಕಪಾಟಿನಲ್ಲಿ, ನಫೀಸ ಟೀಚರ ಹಾಜರಿ ಪುಸ್ತಕದ ಕೆಳಗೆ ಮಲಗಿದ್ದೇನೆ. ಮಕ್ಕಳು ಮಲಗಿದಾಗ ಅವಳು ಒಮ್ಮೊಮ್ಮೆ ನನ್ನನ್ನು ತೆರೆದು, ಸುಮ್ಮನೆ ಕತೆ ಓದುತ್ತಾಳೆ. ಕೊನೆಯಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ನನ್ನನ್ನು ನಂಬಿ ಇನ್ನು ಯಾರೂ ಫೇಲಾಗಬೇಕಿಲ್ಲ.