ಡ್ರಮ್ಮಿನೊಳಗಿನ ಕೆಂಪು

ರಿಪೇರಿಗೆ ಬಂದಿದ್ದ ಸಲೀಮ್ ಬಟ್ಟೆ ಒಣಗಿಸುವ ಡ್ರೈಯರಿನ ಡ್ರಮ್ಮಿನೊಳಗೆ ತಲೆ ತೂರಿಸಿ ಟಾರ್ಚು ಹಾಕಿದ. ಹಾಕಿದವನು ಹಾಗೆಯೇ ನಿಂತುಬಿಟ್ಟ.

ತನ್ನ ಮನೆಯಲ್ಲಿ ಹೆಂಡತಿ ಶಾಹಿದಾಳ ಡ್ರೈಯರಿನ ಡ್ರಮ್ ಬಿರುಕುಬಿಟ್ಟು, ಮಕ್ಕಳ ಬಟ್ಟೆಯನ್ನೆಲ್ಲ ಹರಿದುಹಾಕುತ್ತಿತ್ತು. ಅದಕ್ಕೆ ಹೊಂದುವ ಡ್ರಮ್ಮಿಗಾಗಿ ವರ್ಷದಿಂದ ಇದೇ ಮಾಡೆಲ್ಲನ್ನು ಹುಡುಕುತ್ತಿದ್ದ. ಡಾಟ್‌ಕಾಮ್ ಕಂಪನಿಗಳ ಷೇರು ಏರಿ ದುಡ್ಡು ಕಂಡವರು ಕೆಡದ ಯಂತ್ರಗಳನ್ನೂ ಬೀದಿಗಿಡುತ್ತಿದ್ದರು. ಅರವತ್ತೆಂಟನೇ ಇಸವಿಯ ಈ ಗ್ಯಾಸ್ ಡ್ರೈಯರ್ ಮಾತ್ರ ಸ್ಯಾನ್ ಫ್ರಾನ್ಸಿಸ್ಕೋದಲ್ಲೆಲ್ಲೂ ಸಿಕ್ಕಿರಲಿಲ್ಲ.

"ಒಳಗ ಏನ್ ಸಿನಿಮಾ ನಡದೈತೇನೋ?" ಎಂದರು ಈ ಮನೆಯ ಯಜಮಾನ ಮಲ್ಲಪ್ಪ. "ಹೊಸದು ನಾಳೆ ಬರತೈತಿ. ಇದು ಸತ್ತೈತಿ ಅಂತ ಇಕಿಗೆ ಹೇಳಿಬಿಡು."

"ರಿಪೇರಿ ಆದ್ರ ನಿಮಗಿಂತ ಚಲೋ ತಿರಗತೈತಿ ಅದು," ಎಂದರು ಅವರ ಹೆಂಡತಿ ದಾನವ್ವ. ಒದ್ದೆ ಬಟ್ಟೆಯ ಬುಟ್ಟಿಯನ್ನು ಅವರು ಇನ್ನೂ ಕೆಳಗಿಟ್ಟಿರಲಿಲ್ಲ.

ಡ್ರಮ್ಮಿನ ಬಿಳಿ ಎನಾಮಲ್ ಲೇಪ ಹಳೆಯ ದಂತದ ಬಣ್ಣಕ್ಕೆ ತಿರುಗಿತ್ತು. ಬಿಸಿಗಾಳಿಯ ತೂತುಗಳ ಸುತ್ತ ಜೇನುಕಂದು. ಬಟ್ಟೆ ಎತ್ತಿಹಾಕುವ ಏಣುಗಳ ಬುಡದಲ್ಲಿ ಜೀನ್ಸಿನ ನೀಲಿ. ಗುಂಡಿ, ಜಿಪ್ಪುಗಳು ಮೂವತ್ತು ವರ್ಷ ಕೊರೆದ ಕೂದಲೆಳೆಯ ಗೆರೆಗಳು ಸುತ್ತಿನ ಮೇಲೆ ಸುತ್ತಾಗಿ ಮಿನುಗುತ್ತಿದ್ದವು. ಅಂಗೈ ಆಡಿಸಿದರೆ ರೇಷ್ಮೆ. ಇಷ್ಟು ಡ್ರೈಯರ್ ಬಿಚ್ಚಿದವನು, ಇಂಥದ್ದನ್ನು ನೋಡಿರಲಿಲ್ಲ. ಹಿಂಬದಿಯಲ್ಲಿ ಮಾತ್ರ ಒಂದು ಕೆಂಪು ಕಲೆ.

"ತುಕ್ಕು ಹಿಡಿದಿದೆ ಸಾರ್." ಉಗುರಿನಿಂದ ಕೆರೆದ. ಪುಡಿ ಉದುರಲಿಲ್ಲ.

ದಾನವ್ವ ನಕ್ಕರು. "ತುಕ್ಕಲ್ಲೋ ತಮ್ಮಾ, ಬ್ಯಾಡಗಿ ಮೆಣಸಿನಕಾಯಿ! ಎಪ್ಪತ್ತೊಂದನೇ ಇಸವಿ. ನಮ್ಮವ್ವ ಹಡಗಿನ್ಯಾಗ ಕಳಿಸಿದ್ಲು, ಬರೋದ್ರಾಗ ಥಂಡಿ ಹಿಡದಿದ್ವು. ಈ ಮಂಜಿನ ಊರಾಗ ಬಿಸಿಲೆಲ್ಲೈತಿ? ದಿಂಬಿನ ಚೀಲದಾಗ ಕಟ್ಟಿ ಇದರಾಗ ಹಾಕಿದೆ. ಗಂಟು ಬಿಚ್ಚಿತು."

"ಇಡೀ ಓಣಿ ಸೀನತ್ತು," ಎಂದರು ಮಲ್ಲಪ್ಪ. "ಬೆಂಕಿ ಆರಸವ್ರು ಬಂದ್ರು. ಅವ್ರೂ ಸೀನಕೋತ ಓಡಿದ್ರು. ನನ್ನ ಬಿಳಿ ಅಂಗಿ ಎಲ್ಲಾ ಕೆಂಪು! ಆಫೀಸಿನಾಗ ಕೇಳಿದ್ರ, ನಮ್ಮೂರ ಫ್ಯಾಶನ್ ಅಂದೆ."

ನಗು ಇಳಿಯಿತು. ಏನು ಹೇಳುತ್ತಾನೋ ಎಂದು ದಾನವ್ವ ಸಲೀಮನ ಬಾಯನ್ನೇ ನೋಡುತ್ತಿದ್ದರು.

ಸಲೀಮ್ ಒಂದು ಬೆರಳಿನಿಂದ ಡ್ರಮ್ ತಿರುಗಿಸಿದ. ಸದ್ದಿಲ್ಲದೆ ತಿರುಗಿತು, ಕೆಂಪು ಮೇಲೇರಿತು, ಇಳಿಯಿತು, ಮತ್ತೆ ಏರಿತು. 'ಸತ್ತಿದೆ' ಎಂದರೆ ಮುಗಿಯಿತು, ಸಂಜೆಗೆ ಈ ಡ್ರಮ್ ಶಾಹಿದಾಳ ಡ್ರೈಯರಿನಲ್ಲಿರುತ್ತದೆ.

"ಬೆಲ್ಟು ಹರಿದಿದೆ, ಅಷ್ಟೇ," ಎಂದ. "ಇನ್ನೂ ಇಪ್ಪತ್ತು ವರ್ಷ ಓಡತ್ತೆ."

ಮಲ್ಲಪ್ಪ ಹಣೆ ಚಚ್ಚಿಕೊಂಡರು. "ಹೊಸದಕ್ಕ ಜಾಗಾ ಬೇಕಲ್ಲೋ ಮಾರಾಯಾ! ಇಂಥಾ ಡ್ರಮ್ ಸಿಗವಲ್ದು ಅಂತ ಬಂದ ಕೂಡ್ಲೆ ನೀನ ಅಂದಿ. ಪುಕ್ಕಟೆ ಒಯ್ಯಿ. ವ್ಯಾನಿಗೆ ಏರಸಾಕ ನಾನ ಕೈ ಹಚ್ಚತೇನಿ."

"ಬೇಡ ಸಾರ್," ಎಂದ ಸಲೀಮ್, ದಾನವ್ವನ ಕೈಯ ಬುಟ್ಟಿ ನೋಡುತ್ತ. "ನಾನು ತಗೊಳ್ಳಲ್ಲ."